ಮೂವತ್ತೇಳು ಬೀಗಗಳು

ನದಿಯ ದಡದ ಒಂದು ವಿಶ್ವವಿದ್ಯಾಲಯದಲ್ಲಿ ಕಾತ್ಯಾಯಿನಿ ಹುಲ್ಲೂರ ಎಂಬ ಅಧ್ಯಾಪಕಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ತಿಪ್ಪೇಶ ಅವರ ಶಿಷ್ಯ.

ಬಿ.ಎಸ್ಸಿ. ಮೊದಲ ವರ್ಷದಲ್ಲಿ ಸರಾಸರಿ ಎಂದರೇನು ಎಂದು ಅವನು ಕಲಿತದ್ದು ಅವರಿಂದ. ಎಂ.ಎಸ್ಸಿ.ಯಲ್ಲಿ ಸಂಭವನೀಯತೆ ಕಲಿತದ್ದೂ ಅವರಿಂದಲೇ. ಈಗ ಪಿಎಚ್.ಡಿ.ಗೂ ಅವರೇ ಮಾರ್ಗದರ್ಶಕರು. ಇಷ್ಟು ವರ್ಷಗಳಲ್ಲಿ ಅವರು ಅವನನ್ನು ಹೊಗಳಿದ್ದು ಒಂದೇ ಸಲ. ಅದೂ ತುಂಬಿದ ತರಗತಿಯಲ್ಲಿ ಅವನು ಎದ್ದು ನಿಂತು "ನನಗೆ ಗೊತ್ತಿಲ್ಲ" ಎಂದ ದಿನ.

ಅವನ ಸಂಶೋಧನೆ ಒಂದು ಪುಡಿಯ ಮೇಲೆ. ನದಿಯ ನೀರಿಗೆ ಬೆರೆಸಿದರೆ ನೀರು ಶುದ್ಧವಾಗುತ್ತಿತ್ತು. ಹನ್ನೆರಡು ಊರು ಆರಿಸಿ, ಆರು ಊರುಗಳಿಗೆ ಪುಡಿ ಕೊಟ್ಟರು. ಉಳಿದ ಆರಕ್ಕೆ ಕೊಡಲಿಲ್ಲ. ಎರಡೂ ಕಡೆ ಸಮವಾಗಿ, ಎಳೆಯ ಮಕ್ಕಳಿರುವ ಆರುನೂರ ಇಪ್ಪತ್ತು ಮನೆಗಳನ್ನು ಪಟ್ಟಿ ಮಾಡಿದರು. ಮೂರು ತಿಂಗಳ ಮೇಲೆ ತಿಪ್ಪೇಶ ಮತ್ತೆ ಮನೆಮನೆಗೆ ಹೋಗಿ, ಎಷ್ಟು ಮಕ್ಕಳಿಗೆ ವಾಂತಿಭೇದಿ ಆಯಿತು ಎಂದು ಕೇಳಿ ಬರೆದುಕೊಂಡು ಬಂದ.

ಪುಡಿ ಕೊಟ್ಟ ಊರುಗಳಲ್ಲಿ ಕಾಯಿಲೆ ಅರ್ಧಕ್ಕರ್ಧ ಇಳಿದಿತ್ತು.

ಜಿಲ್ಲೆಯ ಸಮಿತಿ ಆ ವರದಿಗಾಗಿ ಕಾದಿತ್ತು. ನದಿಯುದ್ದಕ್ಕೂ ಇನ್ನೂರು ಊರುಗಳಿಗೆ ಪುಡಿ ಹಂಚುವ ತೀರ್ಮಾನ ಆಗಬೇಕಿತ್ತು. ಸಭೆಗೆ ಉಳಿದದ್ದು ಒಂಬತ್ತು ದಿನ. ತಿಪ್ಪೇಶನಿಗೂ ಅವಸರವಿತ್ತು. ಈ ತಿಂಗಳು ಪ್ರಬಂಧ ಸಲ್ಲಿಸಿದರೆ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಗುವುದಿತ್ತು.

ಅವನು ವರದಿಯನ್ನು ಗುರುಗಳ ಮೇಜಿನ ಮೇಲಿಟ್ಟ.

"ನಿಮ್ಮ ಸಹಿ ಒಂದು ಬೇಕು, ಮೇಡಂ."

ಮೇಡಂ ಪೆನ್ನು ತೆಗೆದರು. ಪುಟ ತಿರುವುತ್ತ ಹೋಗಿ ಕೊನೆಯ ಪುಟದ ಕೆಳಗೆ, ಸಣ್ಣ ಅಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಓದು."

"ಮೂವತ್ತೇಳು ಮನೆಗಳಿಗೆ ಬೀಗ ಹಾಕಿತ್ತು. ಅವನ್ನು ಕೈಬಿಡಲಾಗಿದೆ."

"ಯಾಕೆ ಬೀಗ ಹಾಕಿತ್ತು?"

"ಮನೆಯಲ್ಲಿ ಯಾರೂ ಇರಲಿಲ್ಲ."

"ಯಾಕೆ ಇರಲಿಲ್ಲ?"

ತಿಪ್ಪೇಶ ನಕ್ಕ. "ಆರುನೂರ ಇಪ್ಪತ್ತರಲ್ಲಿ ಮೂವತ್ತೇಳು, ಮೇಡಂ. ನೂರಕ್ಕೆ ಆರೂ ಇಲ್ಲ. ಯಾವ ಅಧ್ಯಯನದಲ್ಲೂ ಇಷ್ಟು ಬಿಟ್ಟುಹೋಗುತ್ತದೆ."

"ಪುಡಿ ಕೊಡದ ಊರುಗಳಲ್ಲಿ ಎಷ್ಟು ಬೀಗ?"

ಅವನು ಅದನ್ನು ಎಣಿಸಿರಲಿಲ್ಲ. ಅಲ್ಲೇ ನಿಂತು ಪಟ್ಟಿ ತೆಗೆದು ಎಣಿಸಿದ.

"ಎಂಟು."

"ಕೊಟ್ಟ ಊರುಗಳಲ್ಲಿ?"

ಅವನು ಎರಡನೇ ಸಲ ಎಣಿಸಿದ. ಮೂರನೇ ಸಲವೂ ಎಣಿಸಿದ.

"ಇಪ್ಪತ್ತೊಂಬತ್ತು."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

"ಮೇಡಂ, ಒಂಬತ್ತು ದಿನದಲ್ಲಿ ಮೂವತ್ತೇಳು ಮನೆ ಹುಡುಕೋದಕ್ಕೆ ಆಗಲ್ಲ."

"ಒಂಬತ್ತು ದಿನ ಅಂತ ಯಾರು ಹೇಳಿದ್ದು?"

"ಸಮಿತಿಯವರು."

"ನೀನು ಯಾರ ಶಿಷ್ಯ?"

ಅವನು ವರದಿ ಎತ್ತಿಕೊಂಡು ಹೊರಬಂದ. ಬಾಗಿಲನ್ನು ಕೊಂಚ ಜೋರಾಗಿಯೇ ಎಳೆದುಕೊಂಡ. ಬೇರೆ ಮಾರ್ಗದರ್ಶಕರನ್ನು ಕೇಳೋಣವೇ ಎಂದು ಸಂಜೆಯವರೆಗೂ ಯೋಚಿಸಿದ. ಮರುದಿನ ಬೆಳಗ್ಗೆ ಮೊದಲ ಬಸ್ಸು ಹತ್ತಿದ.

ಪುಡಿ ಕೊಡದ ಊರುಗಳು ಹತ್ತಿರವಿದ್ದವು. ಎರಡು ದಿನದಲ್ಲಿ ಎಂಟೂ ಮನೆ ಮುಗಿದವು. ಅವನು ಗುರುಗಳಿಗೆ ಫೋನ್ ಮಾಡಿದ. ದನಿಯಲ್ಲಿ ಗೆಲುವಿತ್ತು.

"ಎಂಟೂ ಸಿಕ್ಕವು, ಮೇಡಂ. ಮದುವೆ, ಬಾಣಂತನ, ಕಬ್ಬು ಕಡಿಯೋ ಕೆಲಸ. ಅದಕ್ಕೇ ಊರಲ್ಲಿರಲಿಲ್ಲ. ಹೆದರುವಂಥದ್ದು ಏನೂ ಇಲ್ಲ."

"ಮಕ್ಕಳು?"

"ಇಬ್ಬರಿಗೆ ಭೇದಿ ಆಗಿತ್ತು, ಅಷ್ಟೇ. ಈಗ ಆಡ್ಕೊಂಡಿದ್ದಾರೆ."

"ಇನ್ನು ಇಪ್ಪತ್ತೊಂಬತ್ತು," ಎಂದು ಅವರು ಫೋನ್ ಇಟ್ಟರು.

ಮೂರನೆಯ ದಿನ ಅವನು ಹಳ್ಳ ದಾಟಿ ದೋಣಿಹಟ್ಟಿಗೆ ಹೋದ. ಪುಡಿ ಪಡೆದ ಊರುಗಳಲ್ಲಿ ಎಲ್ಲಕ್ಕಿಂತ ಆಚೆಗಿನದು ಅದು. ಹೋದ ತಿಂಗಳು ಅವನು ಬಂದಾಗ ಅಲ್ಲಿ ಒಂದೇ ಸಾಲಿನ ಐದು ಮನೆಗಳಿಗೆ ಬೀಗವಿತ್ತು. ಈಗ ನಾಲ್ಕು ತೆರೆದಿದ್ದವು. ಕೊನೆಯದು ಇನ್ನೂ ಮುಚ್ಚಿತ್ತು.

ಮೊದಲ ಮನೆಯ ಕೆಂಚಮ್ಮ ಅವನ ಗುರುತು ಹಿಡಿದಳು.

"ಪುಡಿ ಸಾರ್ ಅಲ್ವಾ? ಬರ್ರಿ, ಕೂತ್ಕಳ್ರಿ."

ಅವಳ ಮಡಿಲಲ್ಲಿ ಒಂದು ಮಗುವಿತ್ತು. ತಲೆಯ ಒಂದು ಕಡೆ ಕೂದಲು ಬೋಳಿಸಿದ್ದರು. ಅಲ್ಲಿ ಗ್ಲೂಕೋಸಿನ ಸೂಜಿ ಚುಚ್ಚಿದ ಗುರುತು ಇನ್ನೂ ಕಪ್ಪಗಿತ್ತು. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡೇ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

"ಹೋದ ತಿಂಗಳು ಬಂದಿದ್ದೆ. ನೀವು ಇರಲಿಲ್ಲ."

"ದೊಡ್ಡಾಸ್ಪತ್ರೆಲಿದ್ವಿ ಸಾರ್. ಹನ್ನೊಂದು ದಿನ. ಈ ಸಾಲಿನೋರೆಲ್ಲ ಅಲ್ಲೇ ಇದ್ವಿ."

"ಪುಡಿ ಹಾಕ್ತಿರಲಿಲ್ವಾ?"

"ಇರೋಗಂಟ ಹಾಕಿದ್ವಿ. ಹಳ್ಳ ತುಂಬಿದ ಮ್ಯಾಲೆ ಪುಡಿ ತರೋರು ಈ ಕಡೆ ದಾಟ್ಲಿಲ್ಲ. ಇಪ್ಪತ್ತು ದಿನ ಬರ್ಲೇ ಇಲ್ಲ."

"ಆಗ ಮೊದಲಿನ ಹಾಗೆ ನೀರು ಕಾಯಿಸಬಹುದಿತ್ತಲ್ಲ?"

ಕೆಂಚಮ್ಮ ಅವನ ಮುಖ ನೋಡಿದಳು. ಅವಳಿಗೆ ಸಿಟ್ಟಿರಲಿಲ್ಲ. ಆಶ್ಚರ್ಯವಾಗಿತ್ತು.

"ನೀವೇ ಹೇಳಿದ್ರಲ್ಲ ಸಾರ್, ಇನ್ನ ಮ್ಯಾಲೆ ಕಾಯ್ಸೋದು ಬ್ಯಾಡ ಅಂತ."

ಹೇಳಿದ್ದ. ಪುಡಿಯ ಜೊತೆ ಕೊಟ್ಟ ಚೀಟಿಯಲ್ಲಿ ಆ ಮಾತಿತ್ತು. ಓದು ಬಾರದವರ ಮನೆಗಳಲ್ಲಿ ಅವನೇ ಗಟ್ಟಿಯಾಗಿ ಓದಿ ಹೇಳಿದ್ದ.

"ಕುಡೀರಿ ಸಾರ್. ಕಾಯ್ಸಿದ ನೀರೇ."

ಲೋಟ ಅವನ ಕೈಯಲ್ಲೇ ಉಳಿಯಿತು.

"ಆ ಕೊನೇ ಮನೆಯವರು?"

ಕೆಂಚಮ್ಮ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಗಂಗವ್ವನ ಕೂಸು ಉಳೀಲಿಲ್ಲ. ಅವಳು ತವರಿಗೆ ಹೋದ್ಲು. ಬರ್ತಾಳೋ ಇಲ್ವೋ."

ತಿಪ್ಪೇಶ ಹೊರಗೆ ಬಂದು ಫೋನ್ ಮಾಡಿದ. ಆ ಕಡೆ ಮೇಡಂ ಎತ್ತಿಕೊಂಡರು. "ಇಲ್ಲೊಂದು ಮಗು ತೀರಿಕೊಂಡಿದೆ, ಮೇಡಂ," ಎಂದ.

"ಎಲ್ಲಿದ್ದೀಯ?"

"ದೋಣಿಹಟ್ಟಿ."

"ಅಲ್ಲೇ ಇರು."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರು ಬಂದರು. ಅರವತ್ತರ ಹತ್ತಿರದ ಹೆಂಗಸು, ಹಳ್ಳ ದಾಟಿ ಸೀರೆ ಮೊಣಕಾಲಿನವರೆಗೆ ನೆನೆದಿತ್ತು. ಅವನು ಬೇಲಿಯ ಪಕ್ಕ ಕೂತಿದ್ದ. ಎಲ್ಲವನ್ನೂ ಹೇಳಿದ.

"ನನ್ನ ಮಾತಿನಿಂದ ಆ ಮಗು ಹೋಯಿತು, ಮೇಡಂ."

ಅವರು ಅಲ್ಲ ಎನ್ನಲಿಲ್ಲ.

"ಆ ಚೀಟಿ ಬರೆದವನು ನೀನು. ಓದಿ ಒಪ್ಪಿದವಳು ನಾನು. ಊರಿನವರಿಗೆಲ್ಲ ನೀರು ಕಾಯಿಸಿ ಕುಡಿಯಿರಿ ಅಂತ ಹೇಳಿದೆಯಾ?"

"ಇಲ್ಲ."

"ಏಳು. ಮೊದಲು ಅದು."

ಇಬ್ಬರೂ ಹಟ್ಟಿಯ ಪ್ರತಿ ಬಾಗಿಲಿಗೂ ಹೋದರು. ಪುಡಿ ಹಂಚುವವರಿಗೆ ಮೇಡಂ ಅಲ್ಲಿಂದಲೇ ಫೋನ್ ಮಾಡಿ, ಆರೂ ಊರುಗಳಿಗೆ ಅದೇ ಮಾತು ಅಂದೇ ಮುಟ್ಟುವಂತೆ ಮಾಡಿದರು.

ಬಸ್ಸಿಗೆ ಕಾಯುತ್ತ ತಿಪ್ಪೇಶ ಹೇಳಿದ. "ನಾನು ಪಿಎಚ್.ಡಿ. ಬಿಡ್ತೀನಿ, ಮೇಡಂ."

"ಬಿಡು. ಇನ್ನು ಎಷ್ಟು ಮನೆ?"

"ಇಪ್ಪತ್ತೈದು."

"ಅದು ಮುಗಿದ ಮೇಲೆ ಬಿಡು."

ಐದು ದಿನ ಅವರು ಜೊತೆಯಲ್ಲೇ ತಿರುಗಿದರು. ಗುರು ಹೆಚ್ಚು ಮಾತಾಡಲಿಲ್ಲ. ಶಿಷ್ಯ ಕೇಳಿ ಬರೆದುಕೊಂಡ. ಹಳ್ಳದಾಚೆ, ಗುಡ್ಡದಾಚೆ, ಬಸ್ಸಿಲ್ಲದ ಕಡೆ, ಎಲ್ಲಿ ಪುಡಿ ತಪ್ಪಿತ್ತೋ ಅಲ್ಲೇ ಬೀಗಗಳಿದ್ದವು. ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಮೂರು ಮನೆಗಳಲ್ಲಿ ಮಕ್ಕಳು ಕಾಯಿಲೆ ಬಿದ್ದಿದ್ದರು.

ಕೊನೆಗೆ ಉಳಿದದ್ದು ಗಂಗವ್ವ.

ಅವಳ ತವರುಮನೆಯ ಜಗಲಿಯಲ್ಲಿ ಇಬ್ಬರೂ ಕೂತರು. ಅವಳು ಕಂಬಕ್ಕೊರಗಿ ನಿಂತಳು. ತಿಪ್ಪೇಶ ತಾನು ಯಾರೆಂದು ಹೇಳಿದ. ಚೀಟಿಯಲ್ಲಿ ತಾನು ಬರೆದ ಮಾತು ತಪ್ಪಾಗಿತ್ತು ಎಂದೂ ಹೇಳಿದ. ಅವನು ಮೇಡಂ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು.

ಆಮೇಲೆ ಗಂಗವ್ವ ಒಂದು ಮಾತು ಕೇಳಿದಳು.

"ಮೊದಲ ಸಲ ಬಂದಾಗ ನಿಮ್ಮ ಬುಕ್ಕಿನಾಗೆ ನನ್ನ ಕೂಸಿನ ಹೆಸರು ಬರ್ಕೊಂಡಿದ್ರಿ. ಅದು ಐತಾ, ಅಳಿಸಿದ್ರಾ?"

ಅವನು ಪುಸ್ತಕ ತೆರೆದು ಆ ಪುಟ ತೆಗೆದ.

"ಅಳಿಸಿದ್ದೆ, ಅಕ್ಕ."

"ಯಾಕೆ?"

"ಬೀಗ ಇತ್ತು ಅಂತ."

"ಬರ್ಕಳ್ರಿ ಮತ್ತೆ," ಎಂದಳು ಅವಳು. "ಮಾರುತಿ. ಒಂಬತ್ತು ತಿಂಗಳು."

ಅವನು ಬರೆದುಕೊಂಡ. ಅವಳು ಬಗ್ಗಿ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಅವನು ಬರೆದು ಮುಗಿಸುವವರೆಗೆ ನೋಡಿದಳು.

ಸಭೆಯ ದಿನ ತಿಪ್ಪೇಶ ಹೊಸ ವರದಿ ಹಿಡಿದುಕೊಂಡು ಹೋದ. ಎಲ್ಲ ಮನೆಗಳನ್ನೂ ಸೇರಿಸಿದ ಮೇಲೆ, ಪುಡಿ ಕೊಟ್ಟ ಕಡೆ ಐವತ್ತನಾಲ್ಕು ಮಕ್ಕಳಿಗೆ ಕಾಯಿಲೆಯಾಗಿತ್ತು. ಕೊಡದ ಕಡೆ ಅರವತ್ತಾರು. ಅಷ್ಟು ಸಣ್ಣ ವ್ಯತ್ಯಾಸ ಬರೀ ಆಕಸ್ಮಿಕದಿಂದಲೂ ಬರಬಹುದಿತ್ತು.

ಸಮಿತಿಯ ಅಧ್ಯಕ್ಷರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಅರ್ಧಕ್ಕರ್ಧ ಇಳಿದಿದೆ ಅಂತ ನೀವೇ ಫೋನಿನಲ್ಲಿ ಹೇಳಿದ್ದಿರಿ."

"ಹೇಳಿದ್ದೆ, ಸರ್."

"ಇನ್ನೂರು ಊರಿನ ಪುಡಿ ಬಂದು ಗೋದಾಮಿನಲ್ಲಿ ಕೂತಿದೆ. ಮೂವತ್ತೇಳು ಮನೆಗೋಸ್ಕರ ಇದನ್ನೆಲ್ಲ ನಿಲ್ಲಿಸಬೇಕಾ? ಹಳೇ ವರದಿ ಇದೆಯಲ್ಲ, ಅದನ್ನೇ ಕೊಟ್ಟುಬಿಡಿ. ಈ ಮನೆಗಳ ವಿಷಯ ಆಮೇಲೆ ನೋಡೋಣ."

ಕೋಣೆಯಲ್ಲಿ ಹನ್ನೆರಡು ಜನರಿದ್ದರು. ಎಲ್ಲರೂ ಅವನತ್ತ ನೋಡುತ್ತಿದ್ದರು. ತಿಪ್ಪೇಶ ಗುರುಗಳ ಕಡೆ ತಿರುಗಿದ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಅವರು ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಅರ್ಥವಾಯಿತು.

ಅವನು ಎದ್ದು ನಿಂತ.

"ಕೊಡಲ್ಲ, ಸರ್."

"ಏನಂದಿರಿ?"

"ಆ ವರದಿ ಕೊಡಲ್ಲ. ಪುಡಿ ತಪ್ಪದೆ ಬಂದ ಮನೆಗಳಲ್ಲಿ ಕಾಯಿಲೆ ಕಮ್ಮಿ. ತಪ್ಪಿದ ಕಡೆ ಮಕ್ಕಳು ಆಸ್ಪತ್ರೆ ಸೇರಿದ್ದಾರೆ. ಒಂದು ಮಗು ತೀರಿಕೊಂಡಿದೆ. ಹಂಚೋದಾದರೆ ಮೊದಲು ಹಳ್ಳ ದಾಟಿಸೋ ದಾರಿ ಮಾಡಿ. ಪುಡಿ ಇಲ್ಲದ ದಿನ ನೀರು ಕಾಯಿಸಿ ಅಂತ ಚೀಟಿಯಲ್ಲಿ ಬರೆಸಿ. ಕಾಯಿಸೋದು ಬೇಡ ಅಂತ ಬರೆದವನು ನಾನೇ."

ಅಧ್ಯಕ್ಷರು ಕಡತ ಮುಚ್ಚಿದರು. ತೀರ್ಮಾನವಾಗದೆ ಸಭೆಯನ್ನು ಮುಂದೂಡಿದರು.

ಆ ತಿಂಗಳು ಪ್ರಬಂಧ ಸಲ್ಲಿಸಲಾಗಲಿಲ್ಲ. ಸಂಶೋಧನಾ ಕೇಂದ್ರದ ಕೆಲಸ ಬೇರೊಬ್ಬರ ಪಾಲಾಯಿತು. ತಿಪ್ಪೇಶ ಪಿಎಚ್.ಡಿ. ಬಿಡಲಿಲ್ಲ. ಹೊಸ ಚೀಟಿ ಬರೆದ, ಪುಡಿ ಪ್ರತಿ ಊರಿಗೆ ಯಾವ ದಿನ ಮುಟ್ಟಿತು ಎಂದು ಬರೆದಿಡುವ ಕ್ರಮ ಮಾಡಿದ, ಮತ್ತೆ ಹನ್ನೆರಡು ಊರು ಸುತ್ತಿದ. ಒಂದು ಮನೆಗೆ ಏಳು ಸಲ ಹೋದ. ಹೀಗೆ ಒಂದು ವರ್ಷ ಕಳೆಯಿತು. ಆ ವರ್ಷ ದೋಣಿಹಟ್ಟಿಯಿಂದ ಯಾವ ಮಗುವೂ ದೊಡ್ಡಾಸ್ಪತ್ರೆಗೆ ಹೋಗಲಿಲ್ಲ.

ಮೌಖಿಕ ಪರೀಕ್ಷೆ ಮೂರು ತಾಸು ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಒಂದೊಂದು ಕೋಷ್ಟಕವನ್ನೂ ಕೆದಕಿ ಕೆದಕಿ ಕೇಳಿದರು. ಕೊನೆಗೆ ಎದ್ದು ಅವನ ಕೈ ಕುಲುಕಿದರು.

ಎಲ್ಲರೂ ಹೋದ ಮೇಲೆ ಗುರು ಶಿಷ್ಯರಿಬ್ಬರೂ ನದಿಯ ಮೆಟ್ಟಿಲಿಗೆ ಬಂದರು. ತಿಪ್ಪೇಶನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಒಂದು ಮಾತು ಅವನನ್ನು ವರ್ಷವಿಡೀ ಕೊರೆಯುತ್ತಿತ್ತು.

"ಮೇಡಂ, ಈ ಸಲವಾದರೂ ನನ್ನ ಲೆಕ್ಕ ಸರಿಯಾಗಿದೆಯಾ?"

ಕಾತ್ಯಾಯಿನಿ ಮೇಡಂ ನೀರಿನ ಕಡೆ ನೋಡಿದರು.

"ಲೆಕ್ಕ ಹೋದ ಸಲವೂ ಸರಿಯಾಗೇ ಇತ್ತು, ತಿಪ್ಪೇಶ."