ಕೇರೆಯ ಮಗುವಿಗೆ ಹೆಸರಿಟ್ಟ ದಿನ

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲದ ಮಾತಿದು, ಮಗು. ಬೆಟ್ಟಕ್ಕೆ ಹೆಸರಿರಲಿಲ್ಲ, ಕಪ್ಪೆಗೆ ಹೆಸರಿರಲಿಲ್ಲ. ಒಬ್ಬೊಬ್ಬರಿಗಾಗಿ ನಾಮಕರಣ ನಡೆಯುತ್ತಿತ್ತು. ಆಗ ಹಾವುಗಳಿಗೂ ಕಿವಿ ಇತ್ತು. ಹೌದು, ಹುಣಸೆ ಎಲೆಯಷ್ಟು ಚಿಕ್ಕ ಕಿವಿ! ನಗಬೇಡ, ಕೇಳು.

ನಾಮಕರಣ ನೀನು ನೋಡಿದ್ದೀಯಲ್ಲ? ಮಗುವನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಬಾಗಿ ಕಿವಿಯಲ್ಲಿ ಹೆಸರು ಉಸುರಬೇಕು. ಹಾವುಗಳಿಗೆ ಸೋದರತ್ತೆಯರು ಇಬ್ಬರು, ಗಾಳಿ ಮತ್ತು ಹೊಳೆ. ಒಂದೊಂದು ಕುಲಕ್ಕೆ ಒಂದೊಂದು ತೊಟ್ಟಿಲು, ಒಂದೊಂದು ಹೆಸರು. ಆದರೆ ಯಾರು ಯಾವ ಕುಲ? ಜಗಳ ಅಲ್ಲೇ ಶುರುವಾಯಿತು.

“ಬಣ್ಣ ನೋಡಿ ಮಲಗಿಸೋಣ,” ಎಂದಳು ಗಾಳಿ.

“ಬಣ್ಣ ಬಿಸಿಲಿಗೆ ಮಾಸುತ್ತೆ ಕಣೇ. ಯಾರು ನೀರಲ್ಲಿರ್ತಾರೆ, ಯಾರು ನೆಲದಲ್ಲಿರ್ತಾರೆ, ಅದನ್ನು ನೋಡು,” ಎಂದಳು ಹೊಳೆ.

ಪಕ್ಕದಲ್ಲಿ ಕೂತಿದ್ದ ಹುತ್ತಜ್ಜ ಹೇಳಿದ, “ಬಾಯಿ ತೆರೆಸಿ ಹಲ್ಲು ನೋಡ್ರಮ್ಮ. ವಿಷ ಇರೋದು ಅಲ್ಲಿ.”

“ಬೆರಳು ನೀನೇ ಹಾಕಜ್ಜ!” ಎಂದು ಇಬ್ಬರೂ ನಕ್ಕರು.

ಕೇರೆಯ ತಾಯಿ ಮಾತ್ರ ನಗಲಿಲ್ಲ. ಅವಳ ಮಗುವನ್ನೂ ನಾಗರದ ಮಗುವನ್ನೂ ಪಕ್ಕಪಕ್ಕ ಮಲಗಿಸಿದರೆ ಅದೇ ಕಂದು ಬಣ್ಣ, ಅದೇ ನೆಲದ ವಾಸ. ದೂರದಲ್ಲಿ ಮನುಷ್ಯ ಕೋಲು ಹಿಡಿದು ನಿಂತಿದ್ದ. ಲೋಕಕ್ಕೆ ಹೊಸಬ, ಎಲ್ಲದಕ್ಕೂ ಅವನಿಗೆ ಭಯ. ಕಚ್ಚಿದರೆ ಸಾಯುವಂಥ ಹಾವು ನಾಗರವೆಂದು ಅವನು ಆಗಲೇ ಕೇಳಿ ತಿಳಿದುಕೊಂಡಿದ್ದ.

“ಅತ್ತಿಗೆ, ನನ್ನ ಮಗುವನ್ನು ನಾಗರದ ತೊಟ್ಟಿಲಿಗೆ ಹಾಕಬೇಡಿ,” ಎಂದು ಕೇರೆ ಬೇಡಿಕೊಂಡಳು.

ನಾಗರದ ತಾಯಿ ಹೆಡೆಯೆತ್ತಿದಳು. “ಯಾಕೇ ತಂಗಿ, ನಮ್ಮ ತೊಟ್ಟಿಲು ನಿನಗೆ ಕೀಳಾಯಿತೇ?”

“ಕೀಳಲ್ಲ ಅಕ್ಕ. ನಿನ್ನ ಮಗುವಿಗೆ ಹೆಡೆ ಇದೆ, ವಿಷ ಇದೆ. ನನ್ನ ಮಗುವಿಗೆ ನಿಮ್ಮ ಹೆಸರೊಂದೇ ಸಿಕ್ಕರೆ ಏಟೊಂದೇ ಸಿಗುತ್ತೆ.”

ನಾಗರ ಮೆಲ್ಲಗೆ ಹೆಡೆ ಇಳಿಸಿದಳು. ಆದರೆ ಸೋದರತ್ತೆಯರ ವಾದ ಮುಗಿಯಲಿಲ್ಲ. ಹೊತ್ತು ಮೀರುತ್ತಿತ್ತು. “ಸದ್ಯಕ್ಕೆ ಒಂದೇ ತೊಟ್ಟಿಲಲ್ಲಿರಲಿ, ಆಮೇಲೆ ತಿದ್ದಿದರಾಯಿತು,” ಎಂದು ಗಾಳಿ ಬಾಗಿ, ಕೇರೆಯ ಮಗುವಿನ ಕಿವಿಯಲ್ಲಿ “ನಾಗರ” ಎಂದಳು.

ಗಾಳಿಯ ಪಿಸುಮಾತು ಎಲ್ಲಿ ನಿಲ್ಲುತ್ತದೆ, ಮಗು? ಅದು ಮನುಷ್ಯನಿಗೂ ಕೇಳಿಸಿತು.

ಹೆಸರು ಸಿಕ್ಕ ಖುಷಿಯಲ್ಲಿ ಕೇರೆಯ ಮರಿ ಹುಲ್ಲಿನ ಮೇಲೆ ಹರಿದುಹೋಯಿತು. ಕೋಲು ಬಿತ್ತು. ಮರಿ ಮತ್ತೆ ಅಲುಗಲಿಲ್ಲ.

ಗಾಳಿ ಓಡಿಬಂದಳು. “ತಪ್ಪಾಯಿತು! ಈಗಲೇ ಬೇರೆ ಹೆಸರಿಡ್ತೀನಿ. ಕೇರೆ ಅಂತಲೇ ಇಡ್ತೀನಿ.”

ತಾಯಿ ಕೇಳಿದಳು, “ಯಾವ ಕಿವಿಯಲ್ಲಿ ಹೇಳ್ತೀರಿ, ಅತ್ತಿಗೆ?”

ಅವತ್ತು ಕೇರೆಯ ತಾಯಿ ತನ್ನ ಕಿವಿಗಳ ಮೇಲೆ ಚರ್ಮ ಎಳೆದುಕೊಂಡು ಮುಚ್ಚಿಬಿಟ್ಟಳು. ಅವಳನ್ನು ನೋಡಿ ನಾಗರ ಮುಚ್ಚಿಕೊಂಡಳು. ಒಂದಾದಮೇಲೊಂದು ಎಲ್ಲ ಹಾವುಗಳೂ ಮುಚ್ಚಿಕೊಂಡವು.

ಇದನ್ನೆಲ್ಲ ಭೂಮಿತಾಯಿ ನೋಡುತ್ತಿದ್ದಳು. ಕಿವಿ ಮುಚ್ಚಿದವಳಿಗೆ ಹೇಳುವುದು ಹೇಗೆ? ಕೇರೆಯ ಗದ್ದದ ಕೆಳಗೇ ಮೆಲ್ಲಗೆ ನಡುಗುತ್ತ ತಿಳಿಸಿದಳು: “ಹೀಗೇ ನನಗೆ ಆತುಕೊಂಡಿರು ಮಗಳೇ. ನಾನು ಯಾರ ಹೆಸರನ್ನೂ ಹೇಳೋದಿಲ್ಲ. ಯಾರೋ ಬರ್ತಿದ್ದಾರೆ ಅಂತ ಮಾತ್ರ ಹೇಳ್ತೀನಿ.”

ಆ ವಾದ ಇನ್ನೂ ಮುಗಿದಿಲ್ಲ ನೋಡು. ಹಲ್ಲು ನೋಡಿ, ಹುರುಪೆ ಎಣಿಸಿ, ರಕ್ತ ಪರೀಕ್ಷಿಸಿ, ವಿದ್ವಾಂಸರು ಇವತ್ತಿಗೂ ಹಾವುಗಳನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇದ್ದಾರೆ. ಹಾವುಗಳು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಮಗು, ಎಷ್ಟು ಹುಡುಕಿದರೂ ಹಾವಿನ ತಲೆಯಲ್ಲಿ ಕಿವಿ ಕಾಣುವುದಿಲ್ಲ. ನೀನು ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ಕೇರೆ ನೆಲದ ಮಾತು ತಿಳಿದು ಹುಲ್ಲಿನೊಳಗೆ ಸರಿದುಹೋಗಿರುತ್ತದೆ.