ಸ್ನಾಯುವಿನ ಸಾಕ್ಷಿ

“ಗುರುಗಳೇ, ವಿದ್ಯೆ ಕಲಿಸಿದವರಿಗೇ ಎದುರಾಡುವುದು ಪಾಪವಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಮಂದಾಕಿನಿ ಎಂಬ ವಿಜ್ಞಾನಿಯಿದ್ದಳು. ದುಡಿಯುವಾಗ ಮನುಷ್ಯನ ದೇಹದೊಳಗೆ ಏನು ನಡೆಯುತ್ತದೆ, ಉಂಡ ಅನ್ನ ಹೇಗೆ ಶಕ್ತಿಯಾಗುತ್ತದೆ ಎಂಬುದು ಆಕೆಯ ಸಂಶೋಧನೆ. ಅದನ್ನು ಕಲಿಸಿದವರು ಒಬ್ಬ ಹಿರಿಯ ಪ್ರಾಧ್ಯಾಪಕರು. ಸೂಜಿ ಹಿಡಿಯುವುದನ್ನೂ ಸಂಶಯಪಡುವುದನ್ನೂ ಅವರೇ ಕಲಿಸಿದ್ದರು. ಆಕೆಯನ್ನು ‘ಮಗಳೇ’ ಎಂದು ಕರೆಯುತ್ತಿದ್ದರು.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಪ್ರಾಧ್ಯಾಪಕರದು ಒಂದೇ ಮಾತು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ದೇಹದಲ್ಲಿ ಸ್ನಾಯುಗಳಿಗೆ ಸಕ್ಕರೆ ಸೇರುವುದಿಲ್ಲ. ಅಂಥವರನ್ನು ದಣಿಸಬಾರದು, ಮಲಗಿಸಬೇಕು. ಅವರ ಪುಸ್ತಕದಲ್ಲಿ ಹಾಗೆಂದು ಬರೆದಿತ್ತು. ಅದನ್ನು ಓದಿ ಕಲಿತ ವೈದ್ಯರೆಲ್ಲ ರೋಗಿಗಳನ್ನು ಮಲಗಿಸುತ್ತಿದ್ದರು. ಮಲಗಿದವರು ದಿನೇ ದಿನೇ ಸೊರಗುತ್ತಿದ್ದರು.

ಮಂದಾಕಿನಿ ಅಂಥ ಕೆಲವು ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಪ್ರಯೋಗಾಲಯದ ಸೈಕಲ್ಲಿನ ಮೇಲೆ ಕೂರಿಸಿ ನಿಧಾನವಾಗಿ ತುಳಿಸಿದಳು. ತುಳಿಯುವ ಮೊದಲು ರಕ್ತ ಪರೀಕ್ಷಿಸಿದಳು, ತುಳಿದ ಮೇಲೂ ಪರೀಕ್ಷಿಸಿದಳು. ಸಕ್ಕರೆ ಇಳಿದಿತ್ತು. ನಂಬಿಕೆಯಾಗದೆ ಯಂತ್ರ ಬದಲಿಸಿದಳು, ಬೇರೆ ರೋಗಿಗಳನ್ನು ಕರೆದಳು. ಆಗಲೂ ಇಳಿದಿತ್ತು. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತನ್ನ ಪಾಲನ್ನು ತಾನೇ ರಕ್ತದಿಂದ ಎಳೆದುಕೊಳ್ಳುತ್ತಿತ್ತು.

ಆಕೆ ಬರೆದದ್ದನ್ನು ಓದಿ ಪ್ರಾಧ್ಯಾಪಕರು ಮೇಜಿನ ಮೇಲಿಟ್ಟರು.

“ಇದನ್ನು ಎಲ್ಲಿಗೂ ಕಳಿಸಬೇಡ, ಮಗಳೇ. ಜನ ನನ್ನನ್ನು ನೋಡಿ ನಗುತ್ತಾರೆ.”

“ಜನ ನಕ್ಕರೆ ಯಾರೂ ಸಾಯುವುದಿಲ್ಲ, ಸರ್. ಹೀಗೆ ಮಲಗಿಸಿದರೆ ಸಾಯುತ್ತಾರೆ.”

“ಹಾಗಾದರೆ ನಾನಿರುವವರೆಗೆ ಈ ಬಾಗಿಲೊಳಗೆ ನಿನಗೆ ಜಾಗವಿಲ್ಲ.”

ಆಕೆ ನಮಸ್ಕರಿಸಲು ಬಾಗಿದಳು. ಅವರು ಕಾಲು ಹಿಂದಕ್ಕೆಳೆದುಕೊಂಡರು.

ಮಂದಾಕಿನಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತಳು. ತಂದೆ ತೀರಿಕೊಂಡಾಗಲೂ ಆಕೆ ಅಷ್ಟು ಅತ್ತಿರಲಿಲ್ಲ. ಅತ್ತಾದ ಮೇಲೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಹೋಗಿ ಬರಹವನ್ನು ಒಂದು ವಿಜ್ಞಾನ ಪತ್ರಿಕೆಗೆ ಅಂಚೆಯಲ್ಲಿ ಕಳಿಸಿದಳು.

ಅದು ಹಿಂತಿರುಗಿ ಬಂತು. ಇನ್ನೊಂದು ಕಡೆಗೆ ಕಳಿಸಿದಳು. ಅಲ್ಲಿಂದಲೂ ಬಂತು. ದೊಡ್ಡ ಸಂಸ್ಥೆಗಳು ಕೆಲಸ ಕೊಡಲಿಲ್ಲ. ಒಂದು ಸಣ್ಣ ಕಾಲೇಜು ಸೇರಿ, ಅಲ್ಲಿನ ಗೋದಾಮನ್ನು ಗುಡಿಸಿ, ಹಳೆಯ ಸೈಕಲ್ಲೊಂದನ್ನು ನಿಲ್ಲಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು. ‘ಗುರುದ್ರೋಹಿ’ ಎಂದರು ಸಹಪಾಠಿಗಳು. ಆಕೆ ರೋಗಿಗಳಿಂದ ಸೈಕಲ್ ತುಳಿಸುವುದನ್ನು ನಿಲ್ಲಿಸಲಿಲ್ಲ.

ಒಮ್ಮೆ ವಿದ್ವಾಂಸರ ಸಮ್ಮೇಳನದಲ್ಲಿ ಆಕೆಗೆ ಮಾತನಾಡಲು ಅವಕಾಶ ಸಿಕ್ಕಿತು. ಆಕೆ ವೇದಿಕೆ ಹತ್ತಿದೊಡನೆ ಪ್ರಾಧ್ಯಾಪಕರು ಎದ್ದು ಹೊರನಡೆದರು. ಅವರ ಹಿಂದೆ ಇಡೀ ಸಭೆ ಎದ್ದುಹೋಯಿತು. ಮಂದಾಕಿನಿ ಖಾಲಿ ಕುರ್ಚಿಗಳಿಗೆ ನಮಸ್ಕಾರ ಹೇಳಿ ಉಪನ್ಯಾಸ ಆರಂಭಿಸಿದಳು. ಒಂದು ಚಿತ್ರವನ್ನೂ ಬಿಡಲಿಲ್ಲ, ಒಂದು ವಾಕ್ಯವನ್ನೂ ಮೊಟಕು ಮಾಡಲಿಲ್ಲ. ಮರೆತ ಕೊಡೆಗಾಗಿ ಹಿಂತಿರುಗಿದ ವೈದ್ಯನೊಬ್ಬ ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿದ. ಊರಿಗೆ ಹೋಗಿ ತನ್ನ ರೋಗಿಗಳನ್ನು ನಡೆಸಿ ನೋಡಿದ. ಆಕೆ ಹೇಳಿದಂತೆಯೇ ಆಯಿತು. ಅವನು ಅದನ್ನು ಬರೆದ. ಅವನು ಬರೆದದ್ದನ್ನು ಓದಿ ಬೇರೆಯವರೂ ಪರೀಕ್ಷಿಸಿದರು. ವರ್ಷಗಳು ಕಳೆದಂತೆ ಆಸ್ಪತ್ರೆಗಳಲ್ಲಿ ಮಲಗಿದ್ದವರು ಏಳತೊಡಗಿದರು.

ಆ ಹೊತ್ತಿಗೆ ಪ್ರಾಧ್ಯಾಪಕರಿಗೇ ಸಕ್ಕರೆ ಕಾಯಿಲೆ ಬಂದಿತ್ತು. ಅವರು ತಮ್ಮ ಪುಸ್ತಕದಂತೆಯೇ ಮಲಗಿದರು. ತೊಡೆ ಕರಗಿತು, ಮೀನಖಂಡ ಜೋತುಬಿತ್ತು. ಔಷಧಿ ಹೆಚ್ಚಿಸಿದರೂ ಸಕ್ಕರೆ ಇಳಿಯಲಿಲ್ಲ. ಎದ್ದು ಓಡಾಡಿ ಎಂದ ವೈದ್ಯರನ್ನೆಲ್ಲ ಅವರು ಗದರಿ ಕಳಿಸಿದರು. ಕೊನೆಗೆ ಅವರ ಹೆಂಡತಿ, ಗಂಡನಿಗೆ ತಿಳಿಸದೆ, ಮಂದಾಕಿನಿಗೆ ಹೇಳಿಕಳಿಸಿದರು.

ಆಕೆ ಅಂದೇ ಹೊರಟು ಬಂದಳು. ಪ್ರಾಧ್ಯಾಪಕರು ಗೋಡೆಯ ಕಡೆಗೆ ಮುಖ ತಿರುಗಿಸಿದರು.

“ನನ್ನನ್ನು ಸೋಲಿಸಲು ಬಂದೆಯಾ?”

“ಎಬ್ಬಿಸಲು ಬಂದೆ, ಸರ್.”

“ನಿನ್ನ ಮಾತನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.”

“ಒಪ್ಪಬೇಡಿ. ಕಾಲು ಕೆಳಗಿಡಿ.”

ಅವರು ಬೈದರು. ಆಕೆ ಬೈಸಿಕೊಂಡಳು. ಹೋಗು ಎಂದರು. ಆಕೆ ಹೋಗಲಿಲ್ಲ. ಬೈದು ಬೈದು ದಣಿದು, ಅವರು ಆಕೆಯ ಭುಜ ಹಿಡಿದು ನಿಂತರು. ಅಂದು ಮಂಚದ ಸುತ್ತ ನಡೆದರು. ಕ್ರಮೇಣ ಬಾಗಿಲವರೆಗೆ, ಆಮೇಲೆ ಬೀದಿಯವರೆಗೆ. ಆಕೆ ಜೊತೆಯಲ್ಲೇ ನಡೆದಳು. ರಕ್ತದ ಸಕ್ಕರೆ ಇಳಿಯಿತು. ತೊಡೆಗೆ ಬಲ ಬಂತು. ಒಂದು ಬೆಳಿಗ್ಗೆ ಅವರು ಯಾರ ಕೈಯನ್ನೂ ಹಿಡಿಯದೆ ಬೀದಿಯ ಕೊನೆಯವರೆಗೆ ಹೋದರು. ಮಂದಾಕಿನಿ ಅದನ್ನು ಗೇಟಿನಿಂದ ನೋಡಿ, ಚೀಲ ತೆಗೆದುಕೊಂಡು ತನ್ನೂರಿನ ಬಸ್ಸು ಹತ್ತಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆಕೆ ಹೊರಡುವ ಮೊದಲಾದರೂ ಅವರು ‘ನೀನೇ ಸರಿ’ ಎಂದರೇ, ಗುರುಗಳೇ?”

“ಅದನ್ನು ಆಕೆಯೇ ಕೇಳಲಿಲ್ಲ, ನೀನೇಕೆ ಕೇಳುತ್ತೀಯೆ?”