ಇಪ್ಪತ್ತೆಂಟನೆಯ ಸೂತ್ರ

ಹಪ್ಪಳದ ಕಾರ್ಖಾನೆಗೆ ಹೊಸ ಮ್ಯಾನೇಜರಾಗಿ ಬಂದ ಶೇಷಗಿರಿರಾಯರು ಕೆಲಸದವರನ್ನೆಲ್ಲ ಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಅಡ್ಡವಾಗಿ ದೊಡ್ಡ ಬೋರ್ಡು ನಿಲ್ಲಿಸಿ, ಯಶಸ್ಸಿನ ಇಪ್ಪತ್ತೇಳು ಸೂತ್ರ ಬರೆದರು. "ಇವು ಬಾಯಿಪಾಠ ಆಗೋವರೆಗೆ ಯಾರೂ ಅಲ್ಲಾಡಬಾರದು!"

ಹನ್ನೆರಡನೆಯ ಸೂತ್ರದ ಹೊತ್ತಿಗೆ ಕೋಣೆ ಮಬ್ಬಾಯಿತು. ತಾರಸಿ ತುಂಬ ಹಪ್ಪಳ ಒಣಗುತ್ತಿತ್ತು. ಏಳಹೋದವರನ್ನು ರಾಯರು ಗದರಿ ಕೂರಿಸಿದರು.

ಹಪ್ಪಳ ಲಟ್ಟಿಸುವ ಸಾವಂತ್ರಮ್ಮ ಕೈಯೆತ್ತಿದಳು. "ಸಾರ್, ಒಂದು ಸೂತ್ರ ಬಿಟ್ಟುಹೋಗಿದೆ. ತಾರಸಿ ಮೇಲೆ ಬಂದ್ರೆ ತೋರಿಸ್ತೀನಿ."

ತಮ್ಮ ಪಟ್ಟಿಯಲ್ಲಿ ಕೊರತೆಯೇ? ರಾಯರು ಎಲ್ಲರನ್ನೂ ಕರೆದುಕೊಂಡು ದಡದಡ ಮೆಟ್ಟಿಲು ಹತ್ತಿದರು. ಮೇಲೆ ಕಪ್ಪು ಮೋಡ! ಎಲ್ಲರೂ ಹಪ್ಪಳ ಬಾಚಿದರು. ರಾಯರೂ ಎರಡು ಮೊರ ಹೊತ್ತರು. ಕೊನೆಯ ಹಪ್ಪಳ ಒಳಗೆ ಬಂದಮೇಲೆ ಮಳೆ ಸುರಿಯಿತು.

"ಯಾವುದಮ್ಮ ಆ ಸೂತ್ರ?" ರಾಯರು ಏದುಸಿರು ಬಿಟ್ಟರು.

"ಆಕಾಶ ನೋಡೋದು ಸಾರ್. ನಿಮ್ಮ ಬೋರ್ಡು ಅಡ್ಡ ಇತ್ತು."

ರಾಯರಿಗೆ ನಗು ತಡೆಯಲಾಗಲಿಲ್ಲ. ಬೋರ್ಡನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು.